ಕರ್ಪೂರದ ಉಂಗುರ

ಎರಡು ವರ್ಷಗಳ ಹಿಂದಿನ ಮಾಘಮಾಸದ ಮಾತು. ಉಳವಿಯ ಶ್ರೀ ಚನ್ನಬಸವೇಶ್ವರ ಜಾತ್ರೆಗೆಂದು ಮುಂಡಗೋಡ ಕಡೆಯಿಂದ ಹೊರಟ ಚಕ್ಕಡಿಗಳೊಡನೆ ನಾನೂ ಇದ್ದೆ. ಹಳಿಯಾಳದಲ್ಲಿ ಧಾರವಾಡ ಸೀಮೆಯ ಬಂಡಿಗಳ ಸಾಲು ನಮ್ಮನ್ನು ಕೂಡಿಕೊಂಡಿತು. ದಾಂಡೇಲಿ ದಾಟಿ, ಜೋಯಿಡಾದ ಕಾಡುದಾರಿ ಹಿಡಿಯುವ ಮುನ್ನ ಎತ್ತುಗಳನ್ನು ಬಿಚ್ಚಿ, ನೀರು ಕುಡಿಸಿ, ಬೆಳಗಿನ ಲಿಂಗಪೂಜೆಗೆ ಎಲ್ಲರೂ ಅಣಿಯಾಗುತ್ತಿದ್ದೆವು. ಆಗ ಪಕ್ಕದ ಬಂಡಿಯ ತಾಯಿಯೊಬ್ಬಳು ತನ್ನ ಮೂರು ವರ್ಷದ ಕೂಸನ್ನು ಎತ್ತಿಕೊಂಡು ನನ್ನಲ್ಲಿಗೆ ಬಂದಳು.

“ಅಜ್ಜಾರ, ಕಲ್ಲುಸಕ್ರಿ ಅಂತ ತಿಳಕೊಂಡು ಕರ್ಪೂರ ತಿಂದೈತ್ರಿ. ಏನರ ಆಗತೈತೇನ್ರಿ?”

ಕೂಸು ನಗುತ್ತಲೇ ಇತ್ತು. ಬಾಯಿಂದ ಕರ್ಪೂರದ ವಾಸನೆ ಹೊಡೆಯುತ್ತಿತ್ತು. ನಾನು, ನಾಲ್ಕು ಜನ ಕೈಮುಗಿದು ಕೇಳುವರೆಂಬ ಒಂದೇ ಬಲದಿಂದ, ತಿಳಿಯದ ವಿಷಯಕ್ಕೆ ತಿಳಿದವನಂತೆ ಉತ್ತರ ಕೊಟ್ಟೆ. “ದೇವರ ಮುಂದಿನ ವಸ್ತು ತಂಗಿ, ಏನೂ ಆಗೂದಿಲ್ಲ. ಉಂಡಿಗೆ ಪಚ್ಚಕರ್ಪೂರ ಹಾಕೂದಿಲ್ಲೇನು? ನೀರು ಕುಡಿಸು.”

ಕಾಲು ಗಂಟೆ ಕಳೆದಿರಬಹುದು. ಕೂಸಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಕೈಕಾಲು ಸೆಟೆದು ಅದುರತೊಡಗಿದವು. ಪುಣ್ಯವಶಾತ್ ಹಿಂದಿನಿಂದ ಒಂದು ಜೀಪು ಬಂತು. ದಾಂಡೇಲಿಯ ಆಸ್ಪತ್ರೆಯೊಂದಕ್ಕೆ ಕೂಸನ್ನು ಒಯ್ದೆವು. ಎರಡು ದಿನ ಇಟ್ಟುಕೊಂಡು ಕಳಿಸಿದರು. ಈಗ ಅದು ಅಂಗನವಾಡಿಗೆ ಹೋಗುತ್ತಿದೆ. ಆ ಹೊತ್ತು ವೈದ್ಯರು ನನ್ನ ವಿಭೂತಿ, ಕಾವಿಶಾಲು ನೋಡಿ ಗೌರವದಿಂದಲೇ ಹೇಳಿದರು: “ಅಜ್ಜಾರ, ದೇವರಿಗೆ ಹಚ್ಚೂದು ಬ್ಯಾರೆ, ಹೊಟ್ಟಿಗೆ ಹಾಕೂದು ಬ್ಯಾರೆ.” ಆ ವರ್ಷ ನಾನು ಉಳವಿಗೆ ಹೋಗಿ ಬಂದೆನಾದರೂ ಆರತಿಯ ಜ್ಯೋತಿಯನ್ನು ನೋಡಿದಾಗಲೆಲ್ಲ ಆ ಮಾತೇ ಕಿವಿಯಲ್ಲಿ ಮೊಳಗುತ್ತಿತ್ತು. ಅರವತ್ತು ವರ್ಷ ಕರ್ಪೂರ ಬೆಳಗಿದ ಕೈಗೆ ಕರ್ಪೂರವೆಂದರೇನೆಂದು ತಿಳಿದಿರಲಿಲ್ಲ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕ, ಷಟ್‌ಸ್ಥಲಶಾಸ್ತ್ರಗಳನ್ನು ಓದಿದ ನನಗೆ ರಸಾಯನಶಾಸ್ತ್ರದ ಗಂಧವಿರಲಿಲ್ಲ. ನನ್ನ ಅಕ್ಕನ ಮೊಮ್ಮಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅದೇ ವಿಷಯವನ್ನು ಅಭ್ಯಾಸ ಮಾಡುತ್ತಿದ್ದಾಳೆ. ರಜೆಗೆ ಬಂದವಳ ಮುಂದೆ ಶಿಷ್ಯನಾಗಿ ಕುಳಿತೆ. ಅವಳು ಮೊದಲು ಮಾಡಿದ ಕೆಲಸವೆಂದರೆ ಹಾಳೆಯ ಮೇಲೆ ಒಂದು ಷಟ್ಕೋನ ಬರೆದು, ಅದರ ಎರಡು ಎದುರು ಮೂಲೆಗಳನ್ನು ಒಂದು ಸೇತುವೆಯಿಂದ ಜೋಡಿಸಿದ್ದು. “ಅಜ್ಜಾ, ಇದ ನೋಡು ನಿನ್ನ ಕರ್ಪೂರ.” ಹತ್ತು ಇಂಗಾಲದ ಪರಮಾಣುಗಳು, ಹದಿನಾರು ಜಲಜನಕ, ಒಂದೇ ಒಂದು ಆಮ್ಲಜನಕ. ಇಂಗಾಲಗಳು ಸಾಲಾಗಿ ನಿಂತಿಲ್ಲ. ಒಂದಕ್ಕೊಂದು ಕೈಹಿಡಿದು ಉಂಗುರ ಕಟ್ಟಿಕೊಂಡಿವೆ. ಆ ಉಂಗುರಕ್ಕೆ ಮೇಲೊಂದು ಹಿಡಿಕೆ. ನಮ್ಮ ಹೂವಿನ ಬುಟ್ಟಿಯ ಆಕಾರ ಎಂದುಕೊಳ್ಳಬಹುದು.

ಈ ಆಕಾರದಲ್ಲಿಯೇ ಕರ್ಪೂರದ ಗುಣವೆಲ್ಲ ಅಡಗಿದೆ. ಉಂಗುರವಾಗಿ ಮುದುಡಿಕೊಂಡ ಅಣು ಹೆಚ್ಚುಕಡಿಮೆ ಗುಂಡಗಿರುತ್ತದೆ. ಗುಂಡಗಿನ ವಸ್ತುಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳಲಾರವು. ಜೋಳದ ರಾಶಿಯಿಂದ ಕಾಳು ಉರುಳಿದಂತೆ ಮೇಲುಮೇಲಿನ ಅಣುಗಳು ಕಳಚಿಕೊಂಡು ಗಾಳಿಗೆ ಹಾರುತ್ತವೆ. ಆದುದರಿಂದ ಕರ್ಪೂರವು ಕರಗಿ ನೀರಾಗುವ ಗೊಡವೆಗೆ ಹೋಗದೆ ಗಟ್ಟಿಯಿಂದ ನೇರವಾಗಿ ಆವಿಯಾಗುತ್ತದೆ. ಡಬ್ಬಿಯಲ್ಲಿ ಮೆಣಸಿನಕಾಳು ಹಾಕಿಡುವ ರೂಢಿ ನಮ್ಮ ಮನೆಗಳಲ್ಲಿದೆ. ಇರಲಿ, ಆದರೆ ಕರ್ಪೂರವನ್ನು ಕಾಯುವುದು ಬಿಗಿಯಾದ ಮುಚ್ಚಳವೇ ಹೊರತು ಮೆಣಸಲ್ಲ. ಇನ್ನು, ಕರ್ಪೂರ ಉರಿದ ಮೇಲೆ ಏನೂ ಉಳಿಯದೆಂದು ನಾನು ಪ್ರವಚನಗಳಲ್ಲಿ ಎಷ್ಟು ಬಾರಿ ಹೇಳಿರುವೆನೋ ಲೆಕ್ಕವಿಲ್ಲ. ಬೂದಿ ಉಳಿಯದೆಂಬುದು ನಿಜ. ಮಸಿಯ ಮಾತೇನು? ಆರತಿಯ ತಟ್ಟೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕುವ ತಾಯಂದಿರು ಹಿಂದಿನ ಸಾಲಿನಲ್ಲಿ ಕುಳಿತು ನಕ್ಕಿರಬೇಕು.

ಉಂಗುರವೆಂದರೆ ಇಷ್ಟು. ಆದರೆ ಉಂಗುರ ಕಟ್ಟುವವರಾರು? ಇಂಗಾಲದ ಸರಪಳಿಗೆ ತಾನಾಗಿ ಬಾಗಿ ತನ್ನ ಬಾಲವನ್ನು ತಾನೇ ಹಿಡಿಯುವ ಆತುರವೇನೂ ಇಲ್ಲ. ಇಲ್ಲಿಯೇ ಲೋಹದ ಪ್ರವೇಶ.

ಚಕ್ಕಡಿಯ ಗಾಲಿಗೆ ಹಳಿ ಕಟ್ಟುವುದನ್ನು ಹಳಿಯಾಳ, ಮುಂಡಗೋಡಗಳ ಹಳ್ಳಿಗರು ನೋಡಿಯೇ ಇರುತ್ತಾರೆ. ಉದ್ದನೆಯ ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಬಗ್ಗಿಸಿ, ಎರಡೂ ತುದಿಗಳನ್ನು ಎದುರುಬದುರು ತಂದು ಕಂಬಾರನು ಬೆಸೆಯುತ್ತಾನೆ. ಅವನ ಇಕ್ಕಳವಿಲ್ಲದೆ ಈ ಕೆಲಸ ಸಾಗದು. ಆದರೆ ಇಕ್ಕಳವು ಹಳಿಯೊಳಗೆ ಸೇರಿಹೋಗುವುದಿಲ್ಲ. ಒಂದು ಗಾಲಿ ಮುಗಿದರೆ ಮುಂದಿನ ಗಾಲಿಗೆ ಅದೇ ಇಕ್ಕಳ. ರಸಾಯನಶಾಸ್ತ್ರದಲ್ಲಿ ಇಂಥ ಇಕ್ಕಳಕ್ಕೆ ವೇಗವರ್ಧಕವೆಂದು ಹೆಸರು. ಲೋಹದ ಪರಮಾಣುಗಳು ಈ ಕೆಲಸಕ್ಕೆ ವಿಶೇಷವಾಗಿ ಒದಗುವುದೇಕೆಂದರೆ, ಕೆಲವು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಧನವಿದ್ಯುತ್ತನ್ನು ಹೊತ್ತ ಲೋಹವು ಸದಾ ಹಸಿದಿರುತ್ತದೆ. ಹತ್ತಿರ ಸುಳಿದ ಅಣುವಿನ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆಯುತ್ತದೆ. ಹಾಗೆ ಎಳೆದಾಗ ಆ ಅಣುವಿನ ಒಂದು ಭಾಗದಲ್ಲಿ ಕೊರತೆ ಹುಟ್ಟುತ್ತದೆ. ಆ ಕೊರತೆಯನ್ನು ತುಂಬಲು ಅದೇ ಅಣುವಿನ ಇನ್ನೊಂದು ಭಾಗ ಬಾಗಿ ಬರುತ್ತದೆ. ಬಂದು ಕೂಡಿತೆಂದರೆ ಉಂಗುರ.

ಗಿಡಮರಗಳಿಗೆ ಈ ವಿದ್ಯೆ ನಮಗಿಂತ ಕೋಟ್ಯಂತರ ವರ್ಷ ಮೊದಲೇ ಸಿದ್ಧಿಸಿತ್ತು. ಕರ್ಪೂರದ ಮರ, ಕರ್ಪೂರತುಳಸಿ, ಪೈನ್ ಮರ, ನೀಲಗಿರಿ, ಇವೆಲ್ಲವೂ ಒಂದೇ ಕಚ್ಚಾವಸ್ತುವಿನಿಂದ ತಮ್ಮ ಪರಿಮಳವನ್ನು ಹೆಣೆಯುತ್ತವೆ. ಅದು ಹತ್ತು ಇಂಗಾಲದ ಒಂದು ಉದ್ದ ಸರಪಳಿ. ಅದರ ತುದಿಗೆ ಎರಡು ಫಾಸ್ಫೇಟುಗಳ ಗಂಟು. ಜೀವಕೋಶದೊಳಗಿನ ಕಿಣ್ವವೆಂಬ ಪ್ರೋಟೀನಿನ ಗುಹೆಯಲ್ಲಿ ಮೆಗ್ನೀಸಿಯಮ್ ಲೋಹದ ಮೂರು ಅಯಾನುಗಳು ಕಾದು ಕುಳಿತಿರುತ್ತವೆ. ಸರಪಳಿ ಒಳಹೊಕ್ಕೊಡನೆ ಅವು ಆ ಫಾಸ್ಫೇಟಿನ ಗಂಟನ್ನು ಹಿಡಿದು ಕಳಚುತ್ತವೆ. ತುಸು ಪಕ್ಕದ ಇಂಗಾಲಕ್ಕೆ ಮತ್ತೆ ತಗುಲಿಸುತ್ತವೆ. ಸರಪಳಿ ಸರಿಯಾದ ಮಗ್ಗುಲಿಗೆ ತಿರುಗಿದ ಮೇಲೆ ಪುನಃ ಕಳಚುತ್ತವೆ. ಹೀಗೆ ಬರಿದಾದ ಇಂಗಾಲದ ಕಡೆಗೆ ಸರಪಳಿಯ ದೂರದ ಭಾಗವು ಬಾಗಿ ಬಂದು ಮೊದಲ ಉಂಗುರ ಮುಚ್ಚುತ್ತದೆ. ಎರಡನೆಯ ಗಂಟು ಎಲ್ಲಿ ಬೀಳುವುದೆಂಬುದರ ಮೇಲೆ ಮುಂದಿನ ಕಥೆ ನಿಂತಿದೆ. ಒಂದು ಕಡೆ ಬಿದ್ದರೆ ಕರ್ಪೂರದ ತಾಯಿವಸ್ತು. ತುಸು ಆಚೆ ಬಿದ್ದರೆ ಟರ್ಪೆಂಟೈನಿನ ಪೈನೀನ್. ಎರಡನೆಯ ಇಂಗಾಲದ ಗಂಟೇ ಬೀಳದೆ ನಡುವೆ ನೀರಿನ ಅಣುವೊಂದು ಬಂದು ಸೇತುವೆಯಾದರೆ ನೀಲಗಿರಿ ಎಣ್ಣೆಯ ಸಿನಿಯೋಲ್. ಸೇಜ್ ಎಂಬುದು ತುಳಸಿಯ ದಾಯಾದಿ ಗಿಡ. ಅದರಲ್ಲಿ ಕರ್ಪೂರದ ಉಂಗುರ ಕಟ್ಟುವ ಕಿಣ್ವದ ಒಳರಚನೆಯನ್ನು ವಿಜ್ಞಾನಿಗಳು 2002ರಲ್ಲಿ ಕ್ಷಕಿರಣಗಳಿಂದ ಕಂಡು, ಮೂರೂ ಮೆಗ್ನೀಸಿಯಮ್ ಅಯಾನುಗಳ ಸ್ಥಾನವನ್ನು ಗುರುತಿಸಿದರು.

ಇಲ್ಲೊಂದು ಮಾತು ನನಗೆ ಬಹಳ ಹಿಡಿಸಿತು. ಸೂಚಿಪರ್ಣಿ ಮರಗಳ ಕೆಲವು ಕಿಣ್ವಗಳು ಮೆಗ್ನೀಸಿಯಮ್ಮಿಗಿಂತ ಮ್ಯಾಂಗನೀಸನ್ನು ಹೆಚ್ಚು ಮೆಚ್ಚುತ್ತವೆಯಂತೆ. ಮ್ಯಾಂಗನೀಸೆಂದರೆ ನಮ್ಮ ಜೋಯಿಡಾದ ಕಪ್ಪುಕಲ್ಲು. ಆ ತಾಲ್ಲೂಕನ್ನು ಸೂಪಾ ಎಂದು ಕರೆಯುತ್ತಿದ್ದ ಕಾಲದಲ್ಲಿ ಕಾಡಿನ ನಡುವಣ ಗಣಿಗಳಿಂದ ಲಾರಿಗಳು ಅದನ್ನು ಹೊತ್ತು ಬರುತ್ತಿದ್ದವು. ದಾಂಡೇಲಿಯಲ್ಲಿ ಫೆರೋ ಮ್ಯಾಂಗನೀಸ್ ಕಾರ್ಖಾನೆಯೂ ಇತ್ತು. ನಾವು ಗುಡ್ಡ ಅಗೆದು, ಕುಲುಮೆಯಲ್ಲಿ ಬೇಯಿಸಿ, ಉಕ್ಕಿಗೆ ಬೆರೆಸಲು ಕಳಿಸುತ್ತಿದ್ದ ಲೋಹವನ್ನು ಮರವು ಬೇರಿನಿಂದ ತೃಣಮಾತ್ರ ಹೀರಿ, ಸದ್ದಿಲ್ಲದೆ ಪರಿಮಳದ ಉಂಗುರ ಕಟ್ಟುತ್ತದೆ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟಿಯನ್ನರು ಬೆಳಿಗ್ಗೆ ಜುನಿಪರ್ ಸೊಪ್ಪಿನ ಹೊಗೆ ಹಾಕುತ್ತಾರೆ. ಅವರ ಕ್ಯಾಂಪಿನ ಹಾದಿಯಲ್ಲಿ ಹೋಗುವಾಗ ಬರುವ ಆ ಕಂಪಿನಲ್ಲಿಯೂ ಇಂಥ ಉಂಗುರಗಳೇ ತೇಲುತ್ತಿರುತ್ತವೆ.

ಇನ್ನು ನಮ್ಮ ಆರತಿಯ ತಟ್ಟೆಗೆ ಬರೋಣ. ಅದರಲ್ಲಿರುವ ಕರ್ಪೂರ ಮರದಿಂದ ಬಂದುದೆಂದು ನಾನು ನಂಬಿದ್ದೆ, ನೀವೂ ನಂಬಿರಬಹುದು. ಕರ್ಪೂರದ ಮರ ಚೀನಾ, ಜಪಾನ್, ತೈವಾನ್‌ಗಳ ಕಡೆಯದು. ನಮ್ಮ ಜೋಯಿಡಾದ ಕಾಡಿನಲ್ಲಿರುವುದು ಅದರ ಒಡಹುಟ್ಟು ದಾಲ್ಚಿನ್ನಿ. ಹಿಂದೆ ಕರ್ಪೂರದ ಮರವನ್ನು ಕಡಿದು, ಚೂರುಮಾಡಿ, ಉಗಿಯಲ್ಲಿ ಬೇಯಿಸಿ ಕರ್ಪೂರ ತೆಗೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಸೆಲ್ಯುಲಾಯ್ಡ್ ಎಂಬ ಪದಾರ್ಥ ಬಂತು; ಬಾಚಣಿಗೆ, ಗೊಂಬೆ, ಸಿನಿಮಾ ಸುರುಳಿ ಎಲ್ಲಕ್ಕೂ ಅದು ಬೇಕಾಯಿತು; ಅದನ್ನು ಮಾಡಲು ಕರ್ಪೂರ ಬೇಕಿತ್ತು. ತೈವಾನನ್ನು ಆಳುತ್ತಿದ್ದ ಜಪಾನ್ ಸರ್ಕಾರ 1899ರಲ್ಲಿ ಅಲ್ಲಿನ ಕರ್ಪೂರದ ವ್ಯಾಪಾರವನ್ನು ತನ್ನ ಮುಷ್ಟಿಗೆ ತೆಗೆದುಕೊಂಡಿತು. ಬೆಲೆ ಏರಿತು. ಬೆಲೆ ಏರಿದ ಮೇಲೆ ಯುರೋಪಿನ ರಸಾಯನಜ್ಞರ ಬುದ್ಧಿ ಚುರುಕಾಯಿತು. ಫಿನ್ಲೆಂಡಿನ ಗುಸ್ತಾಫ್ ಕೊಂಪ್ಪಾ 1903ರಲ್ಲಿ ಪ್ರಯೋಗಶಾಲೆಯಲ್ಲಿ ಕರ್ಪೂರವನ್ನು ಕಟ್ಟಿ ತೋರಿಸಿದನು. ಆದರೆ ಜಗತ್ತಿಗೆ ಅಗ್ಗದ ಕರ್ಪೂರ ಕೊಟ್ಟದ್ದು ಅವನ ದಾರಿಯಲ್ಲ, ಪೈನ್ ಮರದ ಅಂಟಿನಿಂದ ದೊರೆಯುವ ಟರ್ಪೆಂಟೈನ್. ಬಣ್ಣದ ಅಂಗಡಿಯಲ್ಲಿ ಸಿಗುವ ಅದೇ ಟರ್ಪೆಂಟೈನ್.

ಟರ್ಪೆಂಟೈನಿನ ಪೈನೀನಿನಲ್ಲಿ ಹತ್ತು ಇಂಗಾಲಗಳೂ ಇವೆ, ಉಂಗುರಗಳೂ ಇವೆ. ಆದರೆ ಅವುಗಳಲ್ಲೊಂದು ನಾಲ್ಕೇ ಇಂಗಾಲದ ಪುಟ್ಟ ಉಂಗುರ. ಇಂಗಾಲಕ್ಕೆ ಅಷ್ಟು ಇಕ್ಕಟ್ಟಿನಲ್ಲಿ ಬಾಗಿರುವುದು ಹಿತವಲ್ಲ. ಹೆದೆಯೇರಿಸಿದ ಬಿಲ್ಲಿನಂತೆ ಅದು ಸದಾ ಬಿಗಿದಿರುತ್ತದೆ. ಕಾರ್ಖಾನೆಯಲ್ಲಿ ಈ ಪೈನೀನನ್ನು ಆಮ್ಲದಿಂದ ಸಂಸ್ಕರಿಸಿದ ಟೈಟಾನಿಯಮ್ಮಿನ ಬಿಳಿಯ ಆಕ್ಸೈಡಿನೊಡನೆ ಕಾಯಿಸುತ್ತಾರೆ. ನಮ್ಮ ವೈದ್ಯರ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಲೋಹಭಸ್ಮ. ಗೋಡೆಯ ಬಿಳಿಯ ಬಣ್ಣಕ್ಕೆ ಹಾಕುವುದೂ ಈ ಆಕ್ಸೈಡನ್ನೇ. ಅದರ ಮೈಸೋಂಕಿದೊಡನೆ ಬಿಗಿದ ಉಂಗುರ ಸಡಿಲುತ್ತದೆ. ಇಂಗಾಲಗಳು ಕೈಬಿಟ್ಟು, ಪಕ್ಕದವರ ಕೈಹಿಡಿದು, ನೆಮ್ಮದಿಯಾದ ಐದಿಂಗಾಲದ ಉಂಗುರಗಳಾಗಿ ಮತ್ತೆ ಮುಚ್ಚಿಕೊಳ್ಳುತ್ತವೆ. ಹೀಗಾದ ವಸ್ತುವಿಗೆ ಕ್ಯಾಂಫೀನ್ ಎಂದು ಹೆಸರು. ಇದನ್ನು ಅಸಿಟಿಕ್ ಆಮ್ಲದೊಡನೆ, ಎಂದರೆ ವಿನೆಗರಿನ ಹುಳಿಯೊಡನೆ, ಕೂಡಿಸುವಾಗ ಉಂಗುರಗಳು ಇನ್ನೊಮ್ಮೆ ಮಗ್ಗುಲು ಬದಲಿಸಿ ಕರ್ಪೂರದ ಬುಟ್ಟಿಯ ಆಕಾರ ತಾಳುತ್ತವೆ. ಆ ಬಳಿಕ ಕ್ಷಾರದಿಂದ ಆ ಹುಳಿಯನ್ನು ಬಿಡಿಸುತ್ತಾರೆ. ಕಟ್ಟಕಡೆಗೆ ತಾಮ್ರ. ಬಿಸಿ ತಾಮ್ರದ ಮೇಲೆ ಹಾಯಿಸಿದಾಗ ಎರಡು ಜಲಜನಕಗಳು ಕಳಚಿಹೋಗಿ ಉಳಿಯುವುದೇ ಕರ್ಪೂರ. ಟೈಟಾನಿಯಮ್ಮಾಗಲಿ ತಾಮ್ರವಾಗಲಿ ಬಿಲ್ಲೆಯೊಳಗೆ ಬರುವುದಿಲ್ಲ. ಪಾತ್ರೆಯಲ್ಲೇ ಉಳಿದು ಮುಂದಿನ ಪಾಕಕ್ಕೆ ಕಾಯುತ್ತವೆ. ಅವಕ್ಕೂ ದಣಿವುಂಟು. ಕಾಲಕ್ರಮದಲ್ಲಿ ಮಸಿ ಹಿಡಿದು ಮಂಕಾಗುತ್ತವೆ, ಆಗ ಬದಲಿಸಬೇಕು.

ನಮ್ಮ ದೇಶದ ಟರ್ಪೆಂಟೈನಿಗೂ ಒಂದು ಇತಿಹಾಸವಿದೆ. ಹಿಮಾಲಯದ ಚೀಡ್ ಪೈನ್‌ನ ಟರ್ಪೆಂಟೈನಿನಲ್ಲಿ ಆರು ಇಂಗಾಲದ ಉಂಗುರಕ್ಕೆ ಮೂರು ಇಂಗಾಲದ ಪುಟ್ಟ ಉಂಗುರ ಅಂಟಿಕೊಂಡಿರುವ ಕ್ಯಾರೀನ್ ಎಂಬ ವಸ್ತುವನ್ನು ಸೈಮನ್‌ಸನ್ ಎಂಬ ರಸಾಯನಜ್ಞರು 1920ರಲ್ಲಿ ಕಂಡುಹಿಡಿದರು. ಅವರು ಮುಂದೆ ಕೆಲವು ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಪೈನ್ ಮರದಿಂದ ಕಾಗದ ಮಾಡುವ ದೇಶಗಳಲ್ಲಿ ತಿರುಳು ಬೇಯಿಸುವ ಕಡಾಯಿಯ ಆವಿಯಿಂದಲೇ ಟರ್ಪೆಂಟೈನ್ ಇಳಿಸಿಕೊಳ್ಳುತ್ತಾರೆ. ದಾಂಡೇಲಿಯ ಕಾಗದದ ಕಾರ್ಖಾನೆಯಿಂದ ನಮಗೇಕೆ ಟರ್ಪೆಂಟೈನ್ ಬರುವುದಿಲ್ಲವೆಂದು ಮೊಮ್ಮಗಳನ್ನು ಕೇಳಿದೆ. ಅವಳು ನಕ್ಕಳು. ಅಲ್ಲಿ ಮೊದಲಿನಿಂದ ಬೇಯುತ್ತ ಬಂದದ್ದು ಬಿದಿರು, ನೀಲಗಿರಿ ಮುಂತಾದವು. ಅವುಗಳ ಕಾಂಡದಲ್ಲಿ ಪೈನಿನ ಅಂಟು ಎಲ್ಲಿಂದ ಬರಬೇಕು?

ಮರದ ಕರ್ಪೂರಕ್ಕೂ ಕಾರ್ಖಾನೆಯ ಕರ್ಪೂರಕ್ಕೂ ಭೇದವೇನು? ಇದು ನನ್ನ ತರ್ಕಶಾಸ್ತ್ರದ ಬುದ್ಧಿಗೆ ಅತ್ಯಂತ ರುಚಿಸಿದ ಭಾಗ. ಎಡಗೈ ಬಲಗೈಗಳಲ್ಲಿ ಬೆರಳುಗಳು ಐದೈದೇ, ಜೋಡಣೆಯೂ ಒಂದೇ, ಆದರೂ ಎಡಗೈಯನ್ನು ಬಲಗೈಯ ಮೇಲೆ ಹಾಗೆಯೇ ಇಟ್ಟರೆ ಹೊಂದುವುದಿಲ್ಲ. ಕರ್ಪೂರದ ಅಣುವಿಗೂ ಇಂಥ ಎರಡು ರೂಪಗಳಿವೆ. ಮರದ ಕಿಣ್ವವು ಗುಹೆಯಂತಿರುವುದರಿಂದ ಸರಪಳಿಯನ್ನು ಒಂದೇ ಮಗ್ಗುಲಿಗೆ ಬಾಗಿಸುತ್ತದೆ. ಕರ್ಪೂರದ ಮರ ಕೊಡುವುದು ಬಲಗೈ ಕರ್ಪೂರವನ್ನು ಮಾತ್ರ. ಎಡಗೈ ಕೊಡುವ ಬೇರೆ ಗಿಡಗಳೂ ಇವೆ. ಟೈಟಾನಿಯಮ್ಮಿನ ಪುಡಿಗೆ ಗುಹೆಯಿಲ್ಲ, ಬರಿಯ ಬಯಲು. ಅದರ ಮೇಲೆ ಉಂಗುರವು ಎರಡೂ ಮಗ್ಗುಲಿಗೆ ಹೊರಳುತ್ತದೆ. ಆದುದರಿಂದ ಕಾರ್ಖಾನೆಯ ಕರ್ಪೂರದಲ್ಲಿ ಸಾಮಾನ್ಯವಾಗಿ ಎರಡೂ ಕೈಗಳು ಬೆರೆತಿರುತ್ತವೆ. ಉರಿಯುವಾಗ ಎರಡರ ಜ್ಯೋತಿಯೂ ಒಂದೇ. ಟರ್ಪೆಂಟೈನಿನ ಕರ್ಪೂರವನ್ನು ದೇವರಿಗೆ ಬೆಳಗಬಹುದೆ ಎಂದು ಶಂಕಿಸುವವರಿಗೆ ನನ್ನ ಅಭಿಪ್ರಾಯ ಸ್ಪಷ್ಟ: ಪೈನ್ ಮರದ ಅಂಟೂ ಶಿವನ ಸೃಷ್ಟಿಯೇ. ಆಕ್ಷೇಪಿಸಬೇಕಾದುದು ಕರ್ಪೂರಕ್ಕೆ ಮೇಣ ಮುಂತಾದವನ್ನು ಬೆರೆಸಿ ಮಾರುವುದನ್ನು.

ಲೋಹಕ್ಕೂ ಒಂದೇ ಕೈಯನ್ನು ಕಟ್ಟುವ ವಿದ್ಯೆ ಕಲಿಸಬಹುದೆ? ಕಲಿಸಿದ್ದಾರೆ. ನಮ್ಮ ಮನೆಗಳ ಅಮೃತಧಾರೆಯ ಶೀಶೆಯನ್ನು ನೆನೆಯಿರಿ. ಪುದೀನ ಸತ್ವ, ಅಜವಾನ ಸತ್ವ, ಕರ್ಪೂರ, ಮೂರೂ ಗಟ್ಟಿ ಪದಾರ್ಥಗಳು. ಒಂದೇ ಶೀಶೆಗೆ ಹಾಕಿ ಕುಲುಕಿದರೆ ತಾವಾಗಿ ನೀರಾಗುತ್ತವೆ. ಮೂರೂ ಹತ್ತು ಇಂಗಾಲದ ಉಂಗುರವಂತರೇ. ಪುದೀನ ಸತ್ವವಾದ ಮೆಂಥಾಲನ್ನು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಉತ್ತರಪ್ರದೇಶದ ರೈತರು ಪುದೀನ ಜಾತಿಯ ಬೆಳೆಯಿಂದ ತೆಗೆಯುತ್ತಾರೆ. ಜಪಾನಿನ ತಕಸಾಗೊ ಸಂಸ್ಥೆ 1980ರ ದಶಕದಲ್ಲಿ ಬೇರೊಂದು ದಾರಿ ತೆರೆಯಿತು. ಟರ್ಪೆಂಟೈನಿನಿಂದ ಪಡೆದ ಸರಪಳಿಯನ್ನು ರೋಡಿಯಮ್ ಎಂಬ ಅಮೂಲ್ಯ ಲೋಹಕ್ಕೆ ಒಪ್ಪಿಸುತ್ತಾರೆ. ಆ ಲೋಹಕ್ಕೆ ರಿಯೋಜಿ ನೊಯೋರಿ ಎಂಬ ವಿಜ್ಞಾನಿ ತಮ್ಮ ಸಹೋದ್ಯೋಗಿಗಳೊಡನೆ ಒಂದು ಕವಚ ತೊಡಿಸಿದ್ದರು. ಕಿಣ್ವದ ಗುಹೆಯ ಕೆಲಸವನ್ನು ಆ ಕವಚವೇ ಮಾಡಿ ಸರಪಳಿಗೆ ಒಂದೇ ಕೈಯ ರೂಪ ಕೊಡುತ್ತದೆ. ಹೀಗಾದ ಸಿಟ್ರೊನೆಲಾಲ್ ಎಂಬ ಸರಪಳಿ ನಿಂಬೆವಾಸನೆಯ ನೀಲಗಿರಿ ಎಲೆಯ ಎಣ್ಣೆಯಲ್ಲಿಯೂ ಇರುತ್ತದೆ. ಆಮೇಲೆ ಉಂಗುರ ಮುಚ್ಚುವ ಸರದಿ ಸತುವಿನದು. ಸತುವಿನ ಲವಣವು ಸರಪಳಿಯ ತುದಿಯ ಆಮ್ಲಜನಕವನ್ನು ಹಿಡಿದೆಳೆದೊಡನೆ ಇನ್ನೊಂದು ತುದಿ ಬಾಗಿ ಬಂದು ಕೂಡುತ್ತದೆ. ಕೊನೆಗೆ ನಿಕ್ಕೆಲ್ಲು ಜಲಜನಕವನ್ನು ಸೇರಿಸುತ್ತದೆ, ಮೆಂಥಾಲ್ ಸಿದ್ಧ. ಮೂರು ಲೋಹಗಳು ಸರದಿಯಲ್ಲಿ ನಿಂತು ಮಾಡಿದ ದಾಸೋಹವಿದು. ನೊಯೋರಿಯವರಿಗೆ 2001ರಲ್ಲಿ ನೊಬೆಲ್ ಪುರಸ್ಕಾರ ಸಂದಿತು.

ಜೋಯಿಡಾದ ಕಾಡಿನ ಮಾತು ಬಂದುದರಿಂದ ಪುನುಗಿನ ಬೆಕ್ಕನ್ನು ಬಿಡುವಂತಿಲ್ಲ. ಪುನುಗಿನ ಪರಿಮಳದ ಸಿವೆಟೋನ್ ಎಂಬ ವಸ್ತುವಿನಲ್ಲಿ ಹದಿನೇಳು ಇಂಗಾಲದ ಒಂದೇ ಮಹಾ ಉಂಗುರವಿದೆಯೆಂದು ಲಿಯೋಪೋಲ್ಡ್ ರುಜಿಕ್ಕಾ ಎಂಬ ವಿಜ್ಞಾನಿ 1926ರಲ್ಲಿ ತೋರಿಸಿದಾಗ ಪಂಡಿತರು ಬೆರಗಾದರು. ಅಷ್ಟು ದೊಡ್ಡ ಉಂಗುರ ನಿಲ್ಲಲಾರದೆಂದು ಅಲ್ಲಿಯವರೆಗೆ ಭಾವಿಸಲಾಗಿತ್ತು. ನಿಲ್ಲುವುದೇನೋ ನಿಲ್ಲುತ್ತದೆ, ಕಟ್ಟುವುದೇ ಕಷ್ಟ. ಉದ್ದ ಹಗ್ಗದ ಎರಡು ತುದಿಗಳು ಜಾತ್ರೆಯ ಗದ್ದಲದಲ್ಲಿ ಒಂದನ್ನೊಂದು ಹುಡುಕಬೇಕು. ಅಷ್ಟರಲ್ಲಿ ಪಕ್ಕದ ಹಗ್ಗದ ತುದಿಗೆ ಗಂಟು ಬಿದ್ದಿರುತ್ತದೆ. ರುಜಿಕ್ಕಾ ಥೋರಿಯಮ್ ಲೋಹದ ಲವಣಗಳನ್ನು ಕಾಯಿಸಿ ದೊಡ್ಡ ಉಂಗುರಗಳನ್ನು ಕಟ್ಟಿದರೂ ದೊರೆತ ಫಲ ಅತ್ಯಲ್ಪ. ಬಹುಕಾಲದ ಮೇಲೆ ರುಥೇನಿಯಮ್, ಮೊಲಿಬ್ಡಿನಮ್ ಲೋಹಗಳು ಸರಪಳಿಯ ಎರಡೂ ತುದಿಗಳನ್ನು ಹಿಡಿದು ನಯವಾಗಿ ಕೂಡಿಸುವ ಮಾರ್ಗ ಸಿದ್ಧವಾಯಿತು. ಶೋವೆನ್, ಗ್ರಬ್ಸ್, ಶ್ರಾಕ್ ಎಂಬ ಮೂವರಿಗೆ 2005ರ ನೊಬೆಲ್ ದೊರೆತದ್ದು ಅದಕ್ಕಾಗಿ. ಬೆಕ್ಕನ್ನು ಬೋನಿನಲ್ಲಿಟ್ಟು ಹಿಂಡದೆಯೂ ಆ ಪರಿಮಳದ ಉಂಗುರವನ್ನು ಈಗ ಕಟ್ಟಬಹುದೆಂಬುದು ನನಗೆ ಪುರಸ್ಕಾರಕ್ಕಿಂತ ಹಿರಿದಾಗಿ ಕಂಡಿತು.

ಇಷ್ಟೆಲ್ಲ ಕೇಳಿದ ಮೇಲೆ, ನನ್ನನ್ನು ಕಾಡುತ್ತಿದ್ದ ಪ್ರಶ್ನೆಯನ್ನೇ ಮೊಮ್ಮಗಳ ಮುಂದಿಟ್ಟೆ: “ಮರದ ಕರ್ಪೂರ ಇದ್ದಿದ್ರ ಆ ಕೂಸಿಗೆ ಹಂಗ ಆಗತಿರಲಿಲ್ಲೇನು ಮಗಳ?”

“ಆಗತಿತ್ತು ಅಜ್ಜಾ. ಮರದ್ದರ ಇರಲಿ, ಕಾರ್ಖಾನಿದ್ದರ ಇರಲಿ, ಉಂಗುರ ಅದ ಅಲ್ಲೇನು?”

ನನ್ನ ಕೊನೆಯ ಆಸರೆಯೂ ಜಾರಿತು. ಗುಂಡಗಿನ ಈ ಪುಟ್ಟ ಅಣುವಿಗೆ ನೀರಿಗಿಂತ ಕೊಬ್ಬಿನಲ್ಲಿ ನಂಟು ಹೆಚ್ಚು. ಆದುದರಿಂದ ಹೊಟ್ಟೆಯ ಒಳಪೊರೆಯನ್ನು ದಾಟಿ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ತಡವಿಲ್ಲದೆ ನುಗ್ಗುತ್ತದೆ. ಚಿಕ್ಕ ಮಕ್ಕಳಲ್ಲಿ ಐದು ಹತ್ತು ನಿಮಿಷಗಳಲ್ಲಿಯೇ, ಕೆಲವೊಮ್ಮೆ ಒಂದೂವರೆ ಗಂಟೆಯೊಳಗೆ, ಸೆಳವು ಕಾಣಿಸಿಕೊಳ್ಳಬಹುದು. ಬಹಳ ಸಲ ಮುನ್ಸೂಚನೆಯೇ ಇಲ್ಲದೆ ಸೆಳವೇ ಮೊದಲ ಲಕ್ಷಣವಾಗಿರುತ್ತದೆ. ಒಂದು ಗ್ರಾಮಿನಷ್ಟು ಕರ್ಪೂರದಿಂದ ಎಳೆಯ ಮಕ್ಕಳು ಸತ್ತ ಉದಾಹರಣೆಗಳು ವೈದ್ಯಗ್ರಂಥಗಳಲ್ಲಿವೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ ನೋಡಿದೆ. ನಮ್ಮ ಪೂಜಾಪೆಟ್ಟಿಗೆಯ ದೊಡ್ಡ ಬಿಲ್ಲೆಯೊಂದೇ ಒಂದು ಗ್ರಾಮನ್ನು ಮೀರಿತ್ತು. ಇದಕ್ಕೆ ಪ್ರತಿವಿಷವಿಲ್ಲ. ಅಮೆರಿಕದ ಸರ್ಕಾರ 1983ರಲ್ಲಿಯೇ, ಮೈಗೆ ಹಚ್ಚುವ ಮುಲಾಮುಗಳಲ್ಲಿ ಸಹ ಕರ್ಪೂರವು ನೂರಕ್ಕೆ 11 ಪಾಲನ್ನು ಮೀರಬಾರದೆಂದು ಕಟ್ಟಳೆ ಮಾಡಿತು. ಉಂಡಿಗೆ ಹಾಕುವ ಪಚ್ಚಕರ್ಪೂರ ಸಾಸಿವೆಯಷ್ಟಿದ್ದು ಇಡೀ ಪಾತ್ರೆಗೆ ಹಂಚಿಹೋಗುವುದರಿಂದ ನಾವು ಬದುಕಿದ್ದೇವೆ. ಅದು ಸಾಧುವಾದ ವಸ್ತುವೆಂಬ ಕಾರಣಕ್ಕಲ್ಲ.

ದಾಂಡೇಲಿಯ ಆ ವೈದ್ಯರು ಹೇಳಿದ್ದನ್ನು ತಾಯಂದಿರ ಸಲುವಾಗಿ ಇಲ್ಲಿ ಬರೆಯುತ್ತೇನೆ. ಮಗು ಕರ್ಪೂರ ನುಂಗಿತೆಂದು ಗೊತ್ತಾದರೆ, ಅದು ನಗುನಗುತ್ತಿದ್ದರೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ನಡುವೆ ಸೆಳವು ಬಂದರೆ ವಾಂತಿ ಶ್ವಾಸನಾಳಕ್ಕೆ ಹೋಗುತ್ತದೆ. ಹಾಲು, ತುಪ್ಪ, ಮನೆಯ ಮದ್ದು ಯಾವುದನ್ನೂ ಕೊಡಬಾರದು. ಕರ್ಪೂರದ ಡಬ್ಬಿಯನ್ನು ಜೊತೆಗೆ ಒಯ್ಯಬೇಕು, ಏಕೆಂದರೆ ಸೀರೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆಯೂ ನೋಡಲು ಹಾಗೆಯೇ ಬೆಳ್ಳಗಿರುತ್ತದೆ. ಅದರ ಹಾನಿಯೂ ಚಿಕಿತ್ಸೆಯೂ ಬೇರೆ. ನೆಗಡಿಯಾದ ಎಳೆಗೂಸಿನ ಮೂಗಿಗೆ ಕರ್ಪೂರ ಹಿಡಿಯುವುದು, ಕರ್ಪೂರದೆಣ್ಣೆಯನ್ನು ಎದೆಗೆ ತಿಕ್ಕುವುದು, ಕೊರಳಿಗೆ ಕರ್ಪೂರದ ಗಂಟು ಕಟ್ಟುವುದು ನಮ್ಮ ಕಡೆ ಬಹಳ. ಎರಡು ವರ್ಷದೊಳಗಿನ ಮಕ್ಕಳಿಗೆ ಇವು ಯಾವುವೂ ಬೇಡ. ನನ್ನ ಕೊರಳಿಗೂ ಕಟ್ಟಿದ್ದರಂತೆ. ನನಗೇನಾಯಿತು ಎಂದು ವಾದಿಸುವ ಹಿರಿಯರಿಗೆ ನನ್ನಲ್ಲಿ ಉತ್ತರವಿಲ್ಲ, ಆ ಚಕ್ಕಡಿಯ ಕೂಸಿನ ಕಣ್ಣು ಮಾತ್ರ ನೆನಪಿದೆ.

ಕಳೆದ ಮಾಘದಲ್ಲಿ ಮತ್ತೆ ಅದೇ ದಾರಿ ಹಿಡಿದೆವು. ಆ ತಾಯಿಯೂ ಬಂದಿದ್ದಳು. ಕರ್ಪೂರವನ್ನು ಮುಚ್ಚಳ ತಿರುಗಿಸುವ ಶೀಶೆಗೆ ಹಾಕಿ, ಶೀಶೆಯನ್ನು ಒಂದು ಚೀಲದಲ್ಲಿಟ್ಟು, ಬಂಡಿಯ ಕೊಲ್ಲಾರಿಯ ಬಿದಿರಿಗೆ ಎತ್ತರದಲ್ಲಿ ಕಟ್ಟಿದ್ದಳು. ಕೂಸು ಕೆಳಗೆ ಕುಳಿತು ಅದನ್ನೇ ನೋಡುತ್ತಿತ್ತು. ಸಂಜೆಯ ಆರತಿಗೆ ಅದನ್ನು ಇಳಿಸಬೇಕಾದಾಗ ಅವಳ ಕೈಗೆ ನಿಲುಕಲಿಲ್ಲ. ಗಂಡನನ್ನು ಕರೆಯಬೇಕಾಯಿತು.